ತೋಳಿನ ಮೇಲೆ ಬರೆದ ಸದ್ದು

ಅಥವಾ ಆ ಕಾರು ಹಸಿರು ಬಣ್ಣದ್ದೇ ಆಗಿರಲಿಲ್ಲವೇನೋ. ನನ್ನ ತಲೆಯೊಳಗೆ ಅದು ಕಡು ಹಸಿರು. ದೇವರಾಯನದುರ್ಗದ ಬೆಟ್ಟದಿಂದ ಇಳಿಯುತ್ತಿದೆ. ತಿರುವಿನಲ್ಲಿ ಗುಂಡನೆಯ ಎರಡು ದೀಪ ಮೊದಲು ಕಾಣುತ್ತವೆ, ಆಮೇಲೆ ಉದ್ದನೆಯ ಬಾನೆಟ್ಟು, ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಿನ ಮೇಲೆ ಮೊಣಕೈ ಊರಿ ಕೂತ ಅವರು. ಇಷ್ಟು ಚೆನ್ನಾಗಿ ಕಾಣುವ ನೆನಪನ್ನು ನಾನು ನಂಬುವುದಿಲ್ಲ. ನಂಬದಿರಲು ಕಾರಣವೂ ಇದೆ. ಈ ಚಿತ್ರದಲ್ಲಿ ನಾನು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಿದ್ದೇನೆ. ಆದರೆ ಆ ಕಾರು ಬೆಟ್ಟ ಇಳಿದಾಗಲೆಲ್ಲ ನಾನು ಕಾರಿನೊಳಗೇ ಇದ್ದೆ.

ಅದರ ತಗಡು ಬಡಿದ ಖಲೀಲ್ ಭಾಯಿಯನ್ನು ಕೇಳಿದೆ. "ಪೇಂಟೆಲ್ಲಿ ಆಗಿತ್ತಣ್ಣ ಆವಾಗ?" ಎಂದರು. "ಬರೀ ಪ್ರೈಮರ್ ಹೊಡ್ದಿದ್ದೆ. ಬೂದಿ ಕಲರ್. ಹಸಿರು ಹೊಡ್ದಿದ್ದು ಎಲ್ಲಾ ಮುಗಿದ್ಮೇಲೆ, ಕಲ್ಯಾಣ ಮಂಟಪದವ್ರಿಗೆ ಕೊಟ್ಟಾಗ."

ಹಾಗಾದರೆ ಬೂದಿ. ಬೂದಿ ಬಣ್ಣದ ಕಾರಿನಲ್ಲಿ ಅವರನ್ನು ಕೂರಿಸಲು ನೋಡಿದೆ. ಅವರು ಕೂರುತ್ತಿಲ್ಲ.

ಅವರು ಗುಬ್ಬಿಯವರು. ಹೋದ ತಿಂಗಳು ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಬದುಕಿದ್ದಷ್ಟು ಕಾಲ ಮುಚ್ಚಿಟ್ಟ ಒಂದು ಸಂಗತಿ ಆ ಹೆಸರಿಗೆ ಅಂಟಿಕೊಂಡುಬಿಡುತ್ತದೆ, ಆಮೇಲೆ ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಅದರಿಂದಲೇ ಗುರುತಿಸುತ್ತಾರೆ. ಅವರಿಗೆ ಅದು ಬೇಕಿರಲಿಲ್ಲ.

ಮರಳೂರಿನಲ್ಲಿ ನನ್ನ ಕಾಲೇಜು ಗೆಳೆಯನೊಬ್ಬನ ಗ್ಯಾರೇಜು ಇತ್ತು. ಹಳೆಯ ಕಾಲದ ಕಾರಿನಂತೆ ಕಾಣುವ ಹೊಸ ಕಾರು ಮಾಡಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಮದುವೆಯ ಹೆಣ್ಣುಗಂಡು ಕೂತು ಫೋಟೋ ತೆಗೆಸಿಕೊಳ್ಳಲು, ಬೆಟ್ಟದ ಮೇಲಿನ ರೆಸಾರ್ಟುಗಳಲ್ಲಿ ಅತಿಥಿಗಳನ್ನು ಸುತ್ತಾಡಿಸಲು ಅಂಥ ಕಾರು ಕೇಳುವವರಿದ್ದಾರೆ. ನಿಜವಾದ ಹಳೆಯ ಕಾರು ಬೆಟ್ಟದ ಕೆಲಸಕ್ಕೆ ಬರುವುದಿಲ್ಲ. ಸಣ್ಣ ಗೂಡ್ಸ್ ಗಾಡಿಯೊಂದರ ಎಂಜಿನ್ನು, ಗ್ಯಾರೇಜಿನಲ್ಲೇ ವೆಲ್ಡಿಂಗ್ ಮಾಡಿಸಿದ ಚಾಸಿ, ಖಲೀಲ್ ಭಾಯಿ ಬಡಿದು ಬಗ್ಗಿಸಿದ ಮಡ್‌ಗಾರ್ಡು, ಹತ್ತಲು ಎರಡೂ ಬದಿ ಅಗಲವಾದ ಫುಟ್‌ಬೋರ್ಡು. ಇದ್ದದ್ದು ಅದೊಂದೇ. ಗೆಳೆಯ ಪ್ರೋಟೋಟೈಪ್ ಅನ್ನುತ್ತಿದ್ದ. ಗ್ಯಾರೇಜಿನವರು ಪ್ರೋಟೋ ಅನ್ನುತ್ತಿದ್ದರು, ಮನೆಯ ನಾಯಿಯನ್ನು ಕರೆದ ಹಾಗೆ. ಕಾರಿನ ಬಗ್ಗೆ ಬ್ರೋಷರ್ ಬರೆದುಕೊಡಲು ನನ್ನನ್ನು ಕರೆಸಿಕೊಂಡಿದ್ದ. ಬರೆಯುವುದಕ್ಕೆ ಇನ್ನೂ ಏನೂ ಇರಲಿಲ್ಲವಾದ್ದರಿಂದ, ಟೆಸ್ಟಿಗೆ ಹೋಗುವಾಗ ಪಕ್ಕದ ಸೀಟಿನಲ್ಲಿ ಕೂತು ಎಲ್ಲಿ ಬಿಸಿಯಾಯಿತು, ಎಲ್ಲಿ ಅಲುಗಿತು ಅಂತ ಗಮನಿಸುವ ಕೆಲಸ ಕೊಟ್ಟ.

ಓಡಿಸಲು ಬಂದವರು ಈ ಗುಬ್ಬಿಯವರು. ಲಾರಿಯಲ್ಲಿ ಕೊಬ್ಬರಿ ತುಂಬಿಕೊಂಡು ಘಟ್ಟ ಇಳಿದು ಇಳಿದು ವಯಸ್ಸು ಕಳೆದವರು. ಮೊದಲ ದಿನ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಕಪ್ಪು ಕನ್ನಡಕ. ತಲೆಗೆ ಬಣ್ಣ ಹಚ್ಚಿಕೊಂಡಿದ್ದರು, ಅದು ಹಣೆಗೂ ಸ್ವಲ್ಪ ಹತ್ತಿತ್ತು. ಕಾರನ್ನು ಒಂದು ಸುತ್ತು ಬಂದು, "ಚೆನ್ನಾಗೈತೆ. ಮದುವೆ ಹೆಣ್ಣಿನ ಥರ ಐತೆ" ಎಂದರು.

"ಬೆಟ್ಟ ಆರಾಮಾಗಿ ಹತ್ತುತ್ತೆ" ಎಂದ ಗೆಳೆಯ.

"ಹತ್ತೋದು ಯಾವ್ದಾದ್ರೂ ಹತ್ತುತ್ತೆ ಸಾರ್. ಇಳಿಯೋದು ಹೇಳಿ."

ಯಾರಾದರೂ "ಡ್ರೈವರ್ರೇ" ಎಂದು ಕರೆದರೆ ತಿರುಗುತ್ತಿರಲಿಲ್ಲ. "ಟೆಸ್ಟ್ ಡ್ರೈವರ್ರೇ" ಅನ್ನಬೇಕಿತ್ತು. ನಾನು ಅವರಿಗೆ ರೈಟ್ರು. ಗ್ಯಾರೇಜಿನಲ್ಲಿ ಪೆನ್ನು ಇಟ್ಟುಕೊಂಡಿದ್ದವನು ನಾನೊಬ್ಬನೇ, ಅದಕ್ಕೆ.

ಸುಳ್ಳು ಚೆನ್ನಾಗಿ ಹೇಳುತ್ತಿದ್ದರು ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕುಣಿಗಲ್ಲಿನಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಕಾರಿನ ಸುತ್ತ ಜನ ಸೇರುತ್ತಿದ್ದರು. "ಯಾವ ಕಾಲದ್ದಣ್ಣ ಇದು?" ಎಂದು ಒಬ್ಬ ಕೇಳುತ್ತಿದ್ದ. ಇವರು ಟೀ ಲೋಟ ಕೆಳಗಿಡದೆ, "ಮಹಾರಾಜ್ರು ಬೇಟೆಗೆ ಹೋಗ್ತಿದ್ದ ಗಾಡಿ. ಮುಟ್ಬೇಡಿ, ಕೇಸಾಯ್ತದೆ" ಅನ್ನುತ್ತಿದ್ದರು. ಜನ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಮತ್ತೆ ರಸ್ತೆಗೆ ಬಂದ ಮೇಲೆ ನನಗೆ, "ಹೋದ್ ಶ್ರಾವಣದಲ್ಲಿ ಹುಟ್ಟಿದ್ ಕೂಸು, ಪಾಪ" ಎನ್ನುತ್ತಿದ್ದರು. ಇಂಥವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಯಾವುದನ್ನು ತೂಗಿ ನೋಡಿ ಬರೆಯಬೇಕು, ಯಾವುದನ್ನು ಹಾಗೇ ಬರೆಯಬೇಕು ಅಂತ ನನಗೆ ಪೂರ್ತಿ ಗೊತ್ತಿಲ್ಲ.

ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಓಡಿಸುತ್ತಿದ್ದರು. ಗಾಡಿಯ ಮೇಲಿನ ಭಕ್ತಿ ಅಂದುಕೊಂಡಿದ್ದೆವು. ಖಲೀಲ್ ಭಾಯಿ ಒಮ್ಮೆ, "ನಮ್ಮ ತಗಡಿನ ಮೇಲೆ ಚಪ್ಲಿ ಇಡಲ್ಲ, ಅಷ್ಟು ಮರ್ಯಾದೆ" ಎಂದು ಹೆಮ್ಮೆಪಟ್ಟಿದ್ದರು.

ಹುಲಿಯೂರುದುರ್ಗದ ರಸ್ತೆಯಲ್ಲಿ ಒಂದು ದಿನ ಹಿಂದಿನ ಬಲಗಡೆಯ ಗಾಲಿಯಿಂದ ಕಿರಕಿರ ಸದ್ದು ಬರತೊಡಗಿತು. ಹೇಳಿದೆ. ಅವರು ಮುಂದೆ ನೋಡಿಕೊಂಡು ಓಡಿಸುತ್ತಲೇ ಇದ್ದರು. ಮತ್ತೆ ಹೇಳಿದೆ. ಇಲ್ಲ. ನನ್ನಂಥವನು ಗಾಡಿಯ ಬಗ್ಗೆ ಮಾತಾಡಬಾರದು ಅನ್ನುವ ಜಂಬ ಅಂದುಕೊಂಡು ಸುಮ್ಮನಾದೆ. ಊರು ಸೇರಿ ಗಾಡಿ ನಿಂತ ಮೇಲೆ, ಅವರ ಎದುರು ನಿಂತು, ಆ ಸದ್ದು ನಿಮಗೆ ಲೆಕ್ಕಕ್ಕಿಲ್ಲವೇ ಎಂದೆ. ಅವರ ಮುಖ ಒಂದು ಕ್ಷಣ ಖಾಲಿಯಾಯಿತು. ಆಮೇಲೆ, "ಕೇಳಿಸ್ತು. ನೋಡಾಣ ಅಂತ ಬಿಟ್ಟಿದ್ದೆ" ಎಂದರು. ಗಾಡಿಯ ಕೆಳಗೆ ಮಲಗಿದರು. ಗಾಲಿಯನ್ನು ಕೈಯಲ್ಲಿ ತಿರುಗಿಸಿ, ಅದರ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ಹಾಗೇ ಇದ್ದರು, ಮಗುವಿನ ಜ್ವರ ನೋಡುವವರ ಹಾಗೆ.

ಅದಾದ ಮೇಲಿನ ವಾರವೋ, ಅದರ ಆಚೆಯ ವಾರವೋ, ದೇವರಾಯನದುರ್ಗಕ್ಕೆ ಹೋದೆವು. ಇಲ್ಲಿಂದ ಮುಂದೆ ಎಲ್ಲ ಟೆಸ್ಟೂ ಆ ಬೆಟ್ಟದಲ್ಲೇ. ಹತ್ತುವುದು, ಇಳಿಯುವುದು, ಬ್ರೇಕು ತಣ್ಣಗಾಗುವವರೆಗೆ ಕಾಯುವುದು, ಮತ್ತೆ ಹತ್ತುವುದು. ಕಾಯುವಾಗ ತಿರುವಿನ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದೆವು. ಕೋತಿಗಳು ಬಾನೆಟ್ಟಿನ ಬಿಸಿಗೆ ಕೈ ಇಟ್ಟು ತೆಗೆದು ಆಡುತ್ತಿದ್ದವು.

"ರೈಟ್ರೇ, ನಿಮ್ಮ ಕಿವಿ ಹೆಂಗವೆ?"

"ಚೆನ್ನಾಗಿವೆ. ಯಾಕಣ್ಣ?"

"ಬಾಡಿಗೆಗೆ ಬೇಕಾಗಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಕಪ್ಪು ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅವರ ಕಣ್ಣನ್ನು ಬಿಸಿಲಿನಲ್ಲಿ ನಾನು ನೋಡಿದ್ದು ಅವತ್ತೇ ಮೊದಲು. ಅವು ನನ್ನ ತುಟಿಯ ಮೇಲಿದ್ದವು.

"ಸಣ್ಣ ಸದ್ದು ಬರಲ್ಲ ನಂಗೆ. ದಪ್ಪ ಸದ್ದು ಬರ್ತದೆ. ಎಂಜಿನ್ ಬರ್ತದೆ, ಲಾರಿ ಹಾರನ್ ಬರ್ತದೆ. ಹಕ್ಕಿ ಬರಲ್ಲ, ಫೋನು ಬರಲ್ಲ. ಬ್ರೇಕ್ ಕಿರುಚಿದ್ರೆ ಬರಲ್ಲ. ಲಾರಿಲಿ ಎಂಜಿನ್ ಪಕ್ಕದಲ್ಲೇ ಕೂತು ಕೂತು ಹಿಂಗಾಯ್ತು. ಎದುರಿಗಿದ್ರೆ ಬಾಯಿ ನೋಡ್ಕೊಂಡು ಮಾತಾಡ್ತೀನಿ. ಗಾಡಿ ಓಡಿಸ್ತಾ ಯಾರ ಬಾಯಿ ನೋಡ್ಲಿ?"

"ಡಾಕ್ಟರಿಗೆ ತೋರಿಸಿದ್ರಾ?"

"ತೋರ್ಸಿದ್ರೆ ಮಿಷನ್ ಕೊಡ್ತಾರೆ. ಕಿವೀಲಿ ಮಿಷನ್ ಹಾಕ್ಕೊಂಡು ಸ್ಟೇರಿಂಗ್ ಹಿಡಿದ್ರೆ ಯಾವ ಓನರ್ ಪಕ್ಕದಲ್ಲಿ ಕೂರ್ತಾನೆ ಹೇಳಿ."

"ಮನೇಲಿ ಗೊತ್ತಾ?"

"ಗೊತ್ತಿಲ್ಲ. ಅವ್ಳಿಗೆ ಹೇಳಿದ್ರೆ ಅವ್ಳ ತಮ್ಮಂಗೆ ಹೇಳ್ತಾಳೆ. ಅವ್ನು ಇಡೀ ಸ್ಟ್ಯಾಂಡಿಗೆ ಹೇಳ್ತಾನೆ. ಆಮೇಲೆ ಯಾರೂ ನನ್ ಕೈಗೆ ಕೀ ಕೊಡಲ್ಲ." ಕನ್ನಡಕ ಹಾಕಿಕೊಂಡು, "ನೀವು ಹೇಳಿದ್ರೂ ಅಷ್ಟೇ" ಎಂದರು.

ಬೇಡಿಕೊಂಡ ದನಿಯಲ್ಲ ಅದು. ಬಾಡಿಗೆಯ ಷರತ್ತು ಹೇಳಿದ ಹಾಗಿತ್ತು. ನಾನು ಯಾರಿಗೂ ಹೇಳಲಿಲ್ಲ. ಅದು ಸರಿಯೋ ತಪ್ಪೋ ಎಂದು ಈಗಲೂ ಕೂತು ತೀರ್ಮಾನಿಸಿಲ್ಲ. ಅವರಷ್ಟು ನಿಧಾನವಾಗಿ, ಅಷ್ಟು ಎಚ್ಚರದಿಂದ ಆ ಬೆಟ್ಟ ಇಳಿದವರನ್ನು ನಾನು ಕಂಡಿಲ್ಲ ಎಂಬುದಷ್ಟೇ ಗೊತ್ತು.

ಹೀಗೆ ಶುರುವಾಯಿತು ನಮ್ಮ ಪದ್ಧತಿ. ಗಾಡಿ ಓಡುವಾಗ ಅವರು ಎಡದ ತೋಳಿನ ಅಂಗಿ ಮಡಚಿಕೊಳ್ಳುತ್ತಿದ್ದರು. ಗೇರಿನ ಮೇಲೆ ಕೈ, ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ನನ್ನ ಕಡೆ. ಕಟಕಟ ಬಂದರೆ ಬೆರಳ ಗೆಣ್ಣಿನಿಂದ ಕುಟ್ಟುತ್ತಿದ್ದೆ, ಅದೇ ವೇಗದಲ್ಲಿ. ಕಿರಕಿರ ಬಂದರೆ ಉಗುರಿನಿಂದ ಗೆರೆ ಎಳೆಯುತ್ತಿದ್ದೆ. ಗೊರಗೊರಕ್ಕೆ ಅಂಗೈಯಿಂದ ಉಜ್ಜುವುದು. ಮೊಣಕೈ ಹತ್ತಿರ ಮುಟ್ಟಿದರೆ ಹಿಂದಿನ ಗಾಲಿ, ಮಣಿಕಟ್ಟಿನ ಹತ್ತಿರ ಮುಟ್ಟಿದರೆ ಮುಂದಿನದು. ಒಂದು ಬೆರಳು ಎಡಕ್ಕೆ, ಎರಡು ಬೆರಳು ಬಲಕ್ಕೆ. ಉಳಿದದ್ದನ್ನು ಅವರ ಬರಿಗಾಲು ನೋಡಿಕೊಳ್ಳುತ್ತಿತ್ತು. ಚಪ್ಪಲಿ ಬಿಡುತ್ತಿದ್ದದ್ದು ನೆಲದ ತಗಡಿನ ನಡುಕ ಹಿಡಿಯುವುದಕ್ಕೆ. ಖಲೀಲ್ ಭಾಯಿಗೆ ಇದನ್ನು ನಾನು ಇನ್ನೂ ಹೇಳಿಲ್ಲ.

ಒಮ್ಮೆ ಬೇಸಿಗೆಯಲ್ಲಿ, ಬೆಟ್ಟದ ಅರ್ಧ ದಾರಿಯಲ್ಲಿ, ಎಡಗಡೆ ಎರಡೂ ಗಾಲಿಯಿಂದ ಜಿರ್ರೆಂದು ಒಂದೇ ಸಮನೆ ಸದ್ದು. ತೋಳಿನ ಮೇಲೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಉಗುರು ಎಳೆದೆ. ಗಾಡಿ ನಿಲ್ಲಿಸಿದರು. ಬಿಸಿಲಿನಲ್ಲಿ ಜಾಕ್ ಹಾಕಿ ಮುಂದಿನ ಗಾಲಿ ಬಿಚ್ಚಿದರು. ಏನಿಲ್ಲ. ಹಿಂದಿನದನ್ನೂ ಬಿಚ್ಚಿದರು. ಏನಿಲ್ಲ. ಇಸ್ತ್ರಿ ಅಂಗಿ ಪೂರ್ತಿ ಗ್ರೀಸು.

"ಈಗ್ಲೂ ಬರ್ತಾ ಐತಾ?"

"ಬರ್ತಾ ಇದೆ" ಎಂದೆ, ಮತ್ತು ಹಾಗೆ ಹೇಳುವಾಗಲೇ ನನಗೆ ತಿಳಿಯಿತು. ಎಂಜಿನ್ನು ಆಫ್ ಆಗಿ ಗಂಟೆಯಾಗಿತ್ತು. ಗಾಲಿಗಳು ರಸ್ತೆಯ ಮೇಲೆ ಮಲಗಿದ್ದವು. ಸದ್ದು ಮರಗಳಿಂದ ಬರುತ್ತಿತ್ತು.

"ಜೀರುಂಡೆ ಅಣ್ಣ" ಎಂದೆ.

ಅವರು ನನ್ನ ತುಟಿ ನೋಡಿದರು. ನಂಬಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಆಮೇಲೆ ಬಿಚ್ಚಿಟ್ಟ ಗಾಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಇಂಥಾ ಕಿವಿಗೆ ಬಾಡಿಗೆ ಬೇರೆ ಕೊಡ್ಬೇಕಾ ನಾನು? ಮರಕ್ಕೆಲ್ಲಾ ಗ್ರೀಸ್ ಹಾಕ್ಸಿ ಓನರ್ ಹತ್ರ ಬಿಲ್ ಮಾಡಿ." ಗಾಲಿ ಹಾಕಿ ಮುಗಿದ ಮೇಲೆ, ಸಾಮಾನು ಎತ್ತಿಡುತ್ತ, ನನ್ನನ್ನು ನೋಡದೆ ಕೇಳಿದರು: "ಇನ್ನೂ ಕೂಗ್ತಾ ಅವಾ?" ನಾನು ತೋಳು ಹಿಡಿದು ಒಂದು ಉದ್ದ ಗೆರೆ ಎಳೆದೆ. ಅವರು ಮರಗಳ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತರು. ಅವರು ಜೀರುಂಡೆ ಕೇಳಿ ಎಷ್ಟು ಕಾಲವಾಗಿತ್ತೋ.

ಇಲ್ಲಿಯವರೆಗೆ ಬರೆದದ್ದು ತಮಾಷೆಯಾಗಿ ಬಂದಿದೆ. ಆಗ ಹಾಗೆ ಇತ್ತೋ, ಈಗ ಬರೆಯುವಾಗ ನಾನೇ ನಗುವನ್ನು ಮುಂದಕ್ಕೆ ತಳ್ಳುತ್ತಿದ್ದೇನೋ. ಕೆಟ್ಟ ದಿನವೊಂದು ಮುಂದಿದೆ ಅಂತ ಗೊತ್ತಿರುವವನು ಹಾಗೆ ಮಾಡುತ್ತಾನೆ.

ಕೊಳ್ಳುವ ಪಾರ್ಟಿ ಬಂತು. ಬೆಟ್ಟದ ರೆಸಾರ್ಟೊಂದನ್ನು ನಡೆಸುವವರೊಬ್ಬರು. ಕಾರು ಹಿಡಿಸಿದರೆ ಇನ್ನಷ್ಟು ಮಾಡಿಸಿಕೊಳ್ಳುವ ಮಾತಿತ್ತು. ಗೆಳೆಯನ ಗ್ಯಾರೇಜು ಅದರ ಮೇಲೆ ನಿಂತಿತ್ತು. ಪಾರ್ಟಿಯವರು ಮುಂದಿನ ಸೀಟಿನಲ್ಲಿ, ಅಂದರೆ ನನ್ನ ಜಾಗದಲ್ಲಿ ಕೂತರು. ನಾನು ಮತ್ತು ಗೆಳೆಯ ಹಿಂದೆ.

ಹೊರಡುವ ಮುಂಚೆ ಇವರನ್ನು ಪಕ್ಕಕ್ಕೆ ಕರೆದೆ. "ಏನ್ ಮಾಡೋದು?"

"ಹೆಗಲೈತಲ್ಲ" ಎಂದರು. "ಹಿಂದಿಂದ ಹೆಗಲ ಮೇಲೆ ಬರೀರಿ."

ಹತ್ತುವಾಗ ತೊಂದರೆಯಾಗಲಿಲ್ಲ. ಪಾರ್ಟಿಯವರು ಮೇಲೆ ಗಾಳಿಗೆ ನಿಂತು ಫೋಟೋ ತೆಗೆದುಕೊಂಡರು. ಇಳಿಯುವಾಗ ನಾನು ಮುಂದಕ್ಕೆ ಬಾಗಿ ಇವರ ಎಡ ಹೆಗಲ ಮೇಲೆ ಕೈ ಇಟ್ಟೆ. ಗೆಳೆಯ ನೋಡಿದ.

"ಏನೋ ಅದು, ಹೆಂಡ್ತಿ ಥರ ಹೆಗಲ ಮೇಲೆ ಕೈ ಹಾಕ್ಕೊಂಡು?"

"ತಿರುವು ಕಣೋ. ವಾಂತಿ ಬಂದಂಗಾಗುತ್ತೆ, ಏನಾದ್ರೂ ಹಿಡ್ಕೋಬೇಕು."

"ಸೀಟ್ ಹಿಡ್ಕೋ, ಅವ್ರನ್ ಬಿಡು."

ಕೈ ತೆಗೆದೆ. ಒಂದು ತಿರುವು ಕಳೆಯಿತು. ಆಮೇಲೆ ಮುಂದಿನ ಎಡಗಾಲಿ ಕಿರುಚತೊಡಗಿತು. ತೆಳ್ಳನೆಯ, ಹಲ್ಲು ಜುಂ ಅನ್ನಿಸುವ ಸದ್ದು. ನಾಲ್ಕು ಜನರ ಭಾರ, ಒಂದೇ ಸಮ ಇಳಿಜಾರು. ಬ್ರೇಕು ಕಾದು ಹಿಡಿತ ಬಿಡುತ್ತಿತ್ತು. ನಾನು ಕೈ ಚಾಚಿ ಹೆಗಲ ಮೇಲೆ ಉಗುರು ಎಳೆದೆ. ಇಲ್ಲಿ ನನ್ನ ನೆನಪು ಹೇಳುವುದೇನೆಂದರೆ, ನಾನು ಎಳೆಯುವ ಮುಂಚೆಯೇ ಅವರ ಕೈ ಗೇರಿನ ಮೇಲೆ ಹೋಗಿತ್ತು. ಮೂರರಿಂದ ಎರಡು, ಎರಡರಿಂದ ಒಂದು. ಎಂಜಿನ್ನು ಗರ್ಜಿಸಿತು. ಪೆಡಲು ನೆಲ ಮುಟ್ಟಿತ್ತು ಅಂತ ಆಮೇಲೆ ಹೇಳಿದರು. ಹೊರಗಡೆಗೆ ಕಣಿವೆ, ಒಳಗಡೆಗೆ ಮಣ್ಣಿನ ದಿಬ್ಬ. ದಿಬ್ಬಕ್ಕೆ ಮಡ್‌ಗಾರ್ಡು ಉಜ್ಜಿಸಿ ಉಜ್ಜಿಸಿ ಕಾರನ್ನು ನಿಲ್ಲಿಸಿದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಗಾಲಿಯಿಂದ ಹೊಗೆ ಬರುತ್ತಿತ್ತು.

ನಾನು ಎಳೆಯುವ ಮುಂಚೆಯೋ, ಆಮೇಲೆಯೋ. ಇದೊಂದನ್ನು ಎಷ್ಟು ಸಲ ಓಡಿಸಿ ನೋಡಿದ್ದೇನೆ. ಕೇಳಿಸಿತೇ? ಕಾಲಿಗೆ ತಿಳಿಯಿತೇ? ಅಥವಾ ಅವರನ್ನು ಇನ್ನೂ ಸ್ವಲ್ಪ ದೊಡ್ಡವರನ್ನಾಗಿ ಮಾಡಲು ನನ್ನ ಮನಸ್ಸೇ ಆ ಕೈಯನ್ನು ಮುಂಚೆ ಸರಿಸಿಟ್ಟಿತೇ?

ಪಾರ್ಟಿಯವರು ಇಳಿದು ದೂರ ಹೋಗಿ ನಿಂತರು. "ಆವಾಗ್ಲಿಂದ ಕಿರುಚ್ತಾ ಇತ್ತಲ್ರೀ. ಗಾಡಿ ಗೊತ್ತಿಲ್ದೋನು ನಾನು, ನಂಗೇ ಕೇಳಿಸ್ತು. ನಿಮ್ ಡ್ರೈವರಿಗೆ ಕೇಳಿಸಲ್ವಾ?"

ಗೆಳೆಯ ಇವರ ಕಡೆ ತಿರುಗಿದ. "ಕೇಳಿಸ್ಲಿಲ್ವಾ?"

ಇವರು ಅವನ ತುಟಿಯನ್ನೇ ನೋಡುತ್ತಿದ್ದರು. "ಕೇಳಿಸ್ತು ಸಾರ್" ಎಂದರು. "ಹೊಸ ಬ್ರೇಕು, ಸ್ವಲ್ಪ ಕೂಗೇ ಕೂಗ್ತದೆ ಅಂತ ಲೆಕ್ಕಕ್ಕೆ ತಗೊಳ್ಳಿಲ್ಲ."

"ಅಂದ್ರೆ ಗೊತ್ತಿದ್ದೂ ಬಿಟ್ರಾ?"

"ಹೂಂ ಸಾರ್. ಅಸಡ್ಡೆ ಆಯ್ತು."

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದರು. ಅದು ಅಪ್ಪಣೆಯ ನೋಟ. ನಾನು ಬಾಯಿ ಮುಚ್ಚಿದೆ.

ಪಾರ್ಟಿ ಹೋಯಿತು. ಅವತ್ತೇ ಗೆಳೆಯ ಇವರಿಂದ ಕೀ ತೆಗೆದುಕೊಂಡ. ಬೈಯಲೂ ಇಲ್ಲ, "ಇಷ್ಟು ವರ್ಷ ಘಟ್ಟ ಇಳಿಸಿದೋರು, ಹಿಂಗ್ ಮಾಡ್ತೀರಾ ಅಂದ್ಕೊಂಡಿರ್ಲಿಲ್ಲ" ಅಂದನಷ್ಟೇ. ಪ್ರೋಟೋ ಆಮೇಲೆ ಬೆಟ್ಟ ಹತ್ತಲಿಲ್ಲ. ಎಂಜಿನ್ನು ಬಿಚ್ಚಿ ಮಾರಿದರು. ಹಸಿರು ಬಣ್ಣ ಹೊಡೆದು ಕುಣಿಗಲ್ ರಸ್ತೆಯ ಕಲ್ಯಾಣ ಮಂಟಪವೊಂದಕ್ಕೆ ಕೊಟ್ಟರು. ಈಗಲೂ ಅದರ ಮುಂದೆ ನಿಂತಿದೆ. ಮದುವೆಗೆ ಬಂದವರು ಫುಟ್‌ಬೋರ್ಡಿನ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಬಸ್ಸಿನಿಂದ ಎಷ್ಟೋ ಸಲ ನೋಡಿದ್ದೇನೆ. ನನ್ನ ಹಸಿರು ಅಲ್ಲಿಂದ ಬಂದಿರಬೇಕು.

ಅವತ್ತು ತುಮಕೂರಿಗೆ ಬಸ್ಸಿನಲ್ಲಿ ವಾಪಸು ಬರುವಾಗ ಅವರ ಪಕ್ಕದಲ್ಲಿ ಕೂತು, ಅವರು ನನ್ನ ಮುಖ ನೋಡುವವರೆಗೆ ಕಾದು, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ನೀವಲ್ವಾ ಗಾಡಿ ನಿಲ್ಲಿಸಿದ್ದು? ಬೇರೆ ಯಾರಾದ್ರೂ ಆಗಿದ್ರೆ ಕಣಿವೇಲಿ ಇರ್ತಿದ್ವಿ."

"ಅಸಡ್ಡೆ ಅಂದ್ರೆ ಇನ್ನೊಂದು ಗಾಡಿ ಸಿಗ್ತದೆ ರೈಟ್ರೇ" ಎಂದರು. "ಕಿವುಡ ಅಂದ್ರೆ ಸಿಗಲ್ಲ."

ಇನ್ನೊಂದು ಗಾಡಿ ಸಿಗಲಿಲ್ಲ. ಸ್ವಲ್ಪ ದಿನ ಯಾರದೋ ಟ್ರ್ಯಾಕ್ಟರ್ ಓಡಿಸಿದರಂತೆ. ಒಂದು ಸಲ ಗುಬ್ಬಿಯ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದರು. ನನ್ನನ್ನು ಕಂಡವರೇ ಮಾತಿಲ್ಲದೆ ಎಡ ತೋಳು ಮುಂದೆ ಚಾಚಿದರು, ಇಂಜೆಕ್ಷನ್ನಿಗೆ ಚಾಚುವ ಹಾಗೆ. ನಾನು ಗೆಣ್ಣಿನಿಂದ ಕಟಕಟ ಕುಟ್ಟಿದೆ. ಕಣ್ಣು ಮುಚ್ಚಿ ಯೋಚಿಸಿ, "ಬೇರಿಂಗ್ ಹೋಗೈತೆ. ಗಾಡಿ ಹಳೇದು ಬುಡಿ" ಎಂದರು.

ನಾನು ಅವರನ್ನು ಕಂಡದ್ದು ಅದೇ ಕೊನೆ. ಅಥವಾ ಅದಾದ ಮೇಲೆ ದೂರದಿಂದ ಒಮ್ಮೆ.

ತಿಥಿಯೆಲ್ಲ ಮುಗಿದ ಮೇಲೆ ಗುಬ್ಬಿಯ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಮುಂಚೆ ನೋಡಿರಲಿಲ್ಲ. ಸಣ್ಣ ಆಳು. ದನಿ ಇನ್ನೂ ಸಣ್ಣ, ನೂಲಿನಂಥ ದನಿ. ಅವರು "ಬನ್ನಿ, ಕೂತ್ಕಳಿ" ಎಂದ ಕೂಡಲೇ ನನಗೆ ಕಟ್ಟೆಯ ಮೇಲೆ ಅವರ ಗಂಡ ಹೇಳಿದ್ದು ನೆನಪಾಯಿತು. ಹಕ್ಕಿ ಬರಲ್ಲ, ಫೋನು ಬರಲ್ಲ ಎಂದಿದ್ದರು. ಈ ದನಿ ಬರಲ್ಲ ಎಂದು ಹೇಳಿರಲಿಲ್ಲ.

ಕಾಫಿ ತಂದರು. ಎದುರಿಗೆ ನೆಲದ ಮೇಲೆ ಕೂತರು.

"ನಿಮ್ ಬಗ್ಗೆ ಹೇಳೋರು. ರೈಟ್ರು ರೈಟ್ರು ಅಂತ. ನಿಮ್ ಜೊತೆ ಚೆನ್ನಾಗ್ ಮಾತಾಡ್ತಿದ್ರಾ?"

"ಮಾತಾಡ್ತಿದ್ರು ಅಕ್ಕ. ತುಂಬಾ ತಮಾಷೆ ಮಾಡೋರು."

"ನನ್ ಜೊತೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು" ಎಂದರು. ದೂರಿನ ಹಾಗಲ್ಲ, ಊರಿನ ಸುದ್ದಿ ಹೇಳಿದ ಹಾಗೆ. "ಎದುರಿಗೆ ನಿಂತ್ರೆ ಹೂಂ, ಊಹೂಂ. ಅಡಿಗೆ ಮನೆಯಿಂದ ಕೂಗಿದ್ರೆ ಇಲ್ಲ. ಬೆನ್ ಹಿಂದೆ ನಿಂತು ಕರೆದ್ರೆ ತಿರ್ಗಿ ಕೂಡ ನೋಡ್ತಿರ್ಲಿಲ್ಲ. ಏನ್ ಕೋಪ ಇತ್ತೋ ನನ್ ಮೇಲೆ. ಆಮೇಲಾಮೇಲೆ ನಾನೂ ಕರೆಯೋದು ಬಿಟ್ಬಿಟ್ಟೆ."

ನಾನು ಲೋಟ ಕೆಳಗಿಟ್ಟೆ.

"ಕಾವಲ್ ಫ್ಯಾಕ್ಟ್ರಿ ಕಡೆಯಿಂದ ಹೆಲಿಕಾಪ್ಟರ್ ಬಂದ್ರೆ ಮಾತ್ರ ಉಣ್ತಾ ಇರೋನು ಎದ್ದು ಹೊರಗೆ ಓಡೋನು, ನೋಡಕ್ಕೆ. ಅದು ಕೇಳಿಸ್ತದೆ, ನಾನು ಕೇಳಿಸಲ್ವಾ ಅಂತ ಬೈತಿದ್ದೆ."

ಅವರ ಗಂಡ ಯಾರಿಗೂ ಹೇಳಬೇಡಿ ಎಂದಿದ್ದರು. ಆದರೆ ಯಾವ ಗಾಡಿಯ ಕೀ ಇನ್ನು ಅವರ ಕೈಯಿಂದ ಹೋಗುವುದಿದೆ? ಹೇಳಿದೆ. ಬೆಟ್ಟ, ಕಟ್ಟೆ, ಸಣ್ಣ ಸದ್ದು, ದಪ್ಪ ಸದ್ದು, ತೋಳಿನ ಮೇಲೆ ಬರೆಯುತ್ತಿದ್ದದ್ದು, ಎಲ್ಲ ಹೇಳಿದೆ. ಕೋಪವಲ್ಲ ಅಕ್ಕ, ಕೇಳುತ್ತಿರಲಿಲ್ಲ ಎಂದೆ.

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಾನು ಬೈದಿದ್ದೂ ಕೇಳಿಸ್ಲಿಲ್ವಾ ಹಂಗಾರೆ?"

"ಕೇಳಿಸಿರಲ್ಲ."

"ಬಾಳಾ ಬೈದಿದೀನಿ" ಎಂದರು. ನಕ್ಕರೋ ಅತ್ತರೋ, ಮುಖದಲ್ಲಿ ಎರಡೂ ಇತ್ತು. "ಅಡಿಗೆ ಮಾಡ್ತಾ ಮಾಡ್ತಾ ಬೈಯೋದು. ಸಾಯೋ ಮಾತೆಲ್ಲಾ ಆಡಿದೀನಿ. ಕೇಳಿಸ್ಕೊಂಡೂ ಸುಮ್ಕವ್ನೆ, ಕಲ್ಲು ಅವ್ನು ಅಂದ್ಕೊಂಡಿದ್ದೆ." ಎದ್ದು ನನ್ನ ಲೋಟ ತೆಗೆದುಕೊಂಡರು, ಒಳಗೆ ಹೋಗಲಿಲ್ಲ, ಮತ್ತೆ ಕೂತರು. "ಆಸ್ಪತ್ರೇಲಿ ಕೊನೇ ದಿನ ಕಣ್ಣು ಮುಚ್ಚೇ ಇದ್ರು. ನರ್ಸಮ್ಮ, ಏನಾದ್ರೂ ಹೇಳೋದಿದ್ರೆ ಕಿವಿ ಹತ್ರ ಹೇಳಿ ಅಂದ್ಲು. ನಾನು ಕಿವಿಗೆ ಬಾಯಿಟ್ಟು, ಅಷ್ಟೆಲ್ಲಾ ಅಂದೆ, ತಪ್ಪಾಯ್ತು, ಮನಸಲ್ಲಿ ಇಟ್ಕೋಬೇಡಿ ಅಂದೆ. ಅದು ಕೇಳಿಸಿರ್ತದಾ?"

ಆ ಕಟ್ಟೆಯ ಮೇಲೆ ಅವರ ಗಂಡ ಇನ್ನೊಂದು ಮಾತು ಹೇಳಿದ್ದರು. ಒಂದು ಕಿವಿ ಪರವಾಗಿಲ್ಲ, ತೀರ ಹತ್ತಿರ ಬಂದು ಹೇಳಿದರೆ ಹೆಂಗಸರ ದನಿಯೂ ಸ್ವಲ್ಪ ಬರುತ್ತದೆ. ಇನ್ನೊಂದು ಪೂರ್ತಿ ಹೋಗಿದೆ ಎಂದು ಮುಟ್ಟಿ ತೋರಿಸಿದ್ದರು.

"ಯಾವ ಕಿವಿ ಅಕ್ಕ?" ಎಂದೆ.

ಅವರು ಮಂಚ ಹೇಗಿತ್ತು, ಗೋಡೆ ಯಾವ ಕಡೆ ಇತ್ತು ಎಂದು ಕೈಯಲ್ಲಿ ಗಾಳಿಯಲ್ಲಿ ಇಟ್ಟು ನೋಡಿಕೊಂಡರು. ಆಮೇಲೆ ತಮ್ಮ ಎಡಗಿವಿ ಮುಟ್ಟಿದರು. "ಇದು. ಈ ಕಡೇದು."

ನಾನು ಕಟ್ಟೆಯನ್ನು ನೆನಪಿಸಿಕೊಂಡೆ. ಅವರ ಕೈ ಏಳುವುದು ಕಾಣುತ್ತದೆ. ಎಡಗಿವಿಗೂ ಹೋಗುತ್ತದೆ, ಬಲಗಿವಿಗೂ ಹೋಗುತ್ತದೆ, ಎರಡೂ ಅಷ್ಟೇ ಸ್ಪಷ್ಟ. ಕಾರಿನಲ್ಲಿ ನಾನು ಅವರ ಎಡಕ್ಕೆ ಕೂರುತ್ತಿದ್ದೆ, ನನ್ನ ಮಾತು ಕೇಳುತ್ತಿರಲಿಲ್ಲ, ಅಂದರೆ ಎಡಗಿವಿಯೇ ಹೋಗಿದ್ದಿರಬೇಕು. ಆದರೆ ಆ ಎಂಜಿನ್ನಿನ ಸದ್ದಿನಲ್ಲಿ, ಆ ಗಾಳಿಯಲ್ಲಿ, ಸ್ವಲ್ಪವಷ್ಟೇ ಉಳಿದ ಕಿವಿಗೂ ಕೇಳುತ್ತಿರಲಿಲ್ಲ. ಆಸ್ಪತ್ರೆಯ ಮೌನ ಬೇರೆ. ಕಿವಿಗೆ ಬಾಯಿಟ್ಟು ಹೇಳುವುದು ಬೇರೆ.

ಎದುರಿಗೆ ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಕೇಳಿಸಿರುತ್ತದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಅವರ ಗಂಡನಾಗಿದ್ದರೆ ಟೀ ಲೋಟ ಕೆಳಗಿಡದೆ ಹೇಳುತ್ತಿದ್ದರು.

"ನಂಗೆ ನೆನಪಿಲ್ಲ ಅಕ್ಕ" ಎಂದೆ.

"ಆಯ್ತು ಬುಡಿ" ಎಂದರು. ಲೋಟ ಹಿಡಿದು ಎದ್ದು, "ನೆನಪಾದ್ರೆ ಹೇಳಿ" ಎಂದರು.

ನೆನಪಾಗಿಲ್ಲ. ಕೊನೆಯ ದಿನದ ಆ ಮಾತು ಅವರ ಗಂಡನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಿಲ್ಲ.